ಬೋನಿಗೆ ಬೀಳದ ಮುದುಕಿ

ಪಾಂಡವಪುರದ ಕಡೆ ಒಂದೂರಿನಲ್ಲಿ ಕೋತಿ ಹಿಡಿಸುತ್ತಿದ್ದರು. ಒಂದು ಕೋತಿಗೆ ಇಷ್ಟು ಅಂತ ರೇಟು ಮಾತಾಡಿ, ಊರವರೇ ಚಂದಾ ಎತ್ತಿದ್ದರು. ಇಪ್ಪತ್ತು ವರ್ಷದಿಂದ ಮೈಸೂರು, ಮಂಡ್ಯ ಸುತ್ತ ಕೋತಿಗಳ ಹಿಂದೆ ನೋಟ್‌ಬುಕ್ ಹಿಡಿದು ಅಲೆಯುವವನು ನಾನು, ಹಾಗಾಗಿ ಬಂದು ನೋಡಿ ಅಂತ ನನ್ನನ್ನೂ ಕರೆದರು. ಬೆಳಗ್ಗೆ ಆರೂವರೆಗೇ ಹೋಗಿ ತೆಂಗಿನ ತೋಟದ ಬದುವಿನ ಮೇಲೆ ಕೂತೆ.

ಬೋನಿನೊಳಗೆ ಬಾಳೆಹಣ್ಣು, ಕಡ್ಲೆಕಾಯಿ. ಮೊದಲು ನುಗ್ಗಿದ್ದು ನಾಲ್ಕು ಮರಿ, ಹಿಂದೆಯೇ ಒಂದು ಹರೆಯದ ಗಂಡು. ಸಿಕ್ಕಿದ್ದನ್ನೆಲ್ಲ ಬಾಯಿಗೆ ತುರುಕಿಕೊಂಡವು, ಆದರೆ ನುಂಗಲಿಲ್ಲ. ಗದ್ದಕಟ್ಟು ಬಂದವರ ಹಾಗೆ ಎರಡೂ ಕೆನ್ನೆ ಊದಿದವು. ಕೋತಿಗೆ ಕೆನ್ನೆಯೊಳಗೆ ಚೀಲ ಇರುತ್ತದೆ. ಜಗಳದ ಜಾಗದಲ್ಲಿ ತುಂಬಿಕೊಂಡು, ನಿಶ್ಚಿಂತೆಯ ಜಾಗಕ್ಕೆ ಹೋಗಿ, ಕೈಯ ಹಿಂಭಾಗದಿಂದ ಕೆನ್ನೆ ಒತ್ತಿ ಒತ್ತಿ ಒಂದೊಂದೇ ಕಾಳು ಬಾಯಿಗೆ ತಂದುಕೊಂಡು ತಿನ್ನುತ್ತದೆ. ಕಾಡಿನಲ್ಲಾದರೆ ಹಣ್ಣು ಕಿತ್ತ ಮರ ಒಂದು ಕಡೆ, ಬೀಜ ಉಗುಳುವ ಜಾಗ ಇನ್ನೊಂದು ಕಡೆ. ಹೀಗೇ ಎಷ್ಟೋ ಮರಗಳು ಕೋತಿ ಕೆನ್ನೆಯಲ್ಲಿ ಕೂತು ಪ್ರಯಾಣ ಮಾಡಿರುತ್ತವೆ. ಆವತ್ತು ಈ ಮರಿಗಳಿಗೆ ಆ ನಿಶ್ಚಿಂತೆ ಸಿಗಲಿಲ್ಲ. ಬಾಗಿಲು ದಢಾರನೆ ಬಿತ್ತು.

ಪಕ್ಕದ ಮಾವಿನ ಮರದಲ್ಲಿ ಒಂದು ಮುದುಕಿ ಕೂತಿತ್ತು. ಬಲಗಿವಿ ಹರಿದಿತ್ತು, ಮುಖವೆಲ್ಲ ಸುಕ್ಕು. ಮರಿಗಳು ಕಿರುಚಿಕೊಂಡಾಗ ಇಳಿದು ಬಂದು, ಬೋನಿನ ಸುತ್ತ ಒಂದು ಸುತ್ತು ಹಾಕಿ, ಸರಳಿನೊಳಗೆ ಕೈ ಹಾಕಿ ಒಂದು ಮರಿಯ ತಲೆ ಮುಟ್ಟಿತು. ಇನ್ನೊಂದು ಬೋನಿನಲ್ಲಿ ಬಾಳೆಹಣ್ಣಿನ ಚಿಪ್ಪೇ ಇತ್ತು. ಅದರ ಕಡೆ ತಿರುಗಿಯೂ ನೋಡದೆ ಮರ ಹತ್ತಿತು.

ಎರಡು ದಿನದಲ್ಲಿ ಹನ್ನೊಂದು ಕೋತಿ ಹಿಡಿದರು. ಎಲ್ಲಿ ಬಿಡ್ತೀರಿ ಅಂದೆ. 'ದೂರ ಸಾರ್, ಕಾಡಿಗೆ' ಅಂದರು. ಅರಣ್ಯ ಇಲಾಖೆ ಅನುಮತಿ ಇದೆಯಾ ಅಂದೆ. ಅದಕ್ಕೆ ಯಾರೂ ಉತ್ತರ ಕೊಡಲಿಲ್ಲ. 1972ರ ವನ್ಯಜೀವಿ ಕಾಯ್ದೆ ಪ್ರಕಾರ ಇದು ರಕ್ಷಿತ ಪ್ರಾಣಿ, ಅನುಮತಿ ಇಲ್ಲದೆ ಹಿಡಿಯುವ ಹಾಗಿಲ್ಲ. ಆದರೆ ತೋಟದ ಯಜಮಾನರ ಕಷ್ಟ ಸುಳ್ಳಲ್ಲ. ಎಳನೀರನ್ನು ತೊಟ್ಟಿನ ಹತ್ತಿರ ಕಚ್ಚಿ ತೂತು ಮಾಡಿ, ಎರಡು ಗುಟುಕು ಕುಡಿದು ಎಸೆಯುತ್ತವೆ. ಕಬ್ಬು ಮುರಿದು ಎರಡು ಗೆಣ್ಣು ತಿಂದು ಬಿಸಾಕುತ್ತವೆ. ತಿನ್ನುವುದಕ್ಕಿಂತ ಹಾಳು ಮಾಡುವುದೇ ಜಾಸ್ತಿ.

ತಮಾಷೆ ಏನಂದರೆ, ಇದೇ ಊರುಗಳಲ್ಲಿ ಕೋತಿ ಕರೆಂಟ್ ಹೊಡೆದು ಸತ್ತರೆ ಭಜನೆ ಮಾಡಿ ಮೆರವಣಿಗೆ ತೆಗೆಯುತ್ತಾರೆ, ಹನ್ನೊಂದನೇ ದಿನಕ್ಕೆ ಊರಿಗೆಲ್ಲ ತಿಥಿ ಊಟ ಹಾಕಿಸುತ್ತಾರೆ. ಬೋನಿಗೆ ಚಂದಾ ಕೊಟ್ಟವರೇ ತಿಥಿಗೂ ಕೊಟ್ಟಿರುತ್ತಾರೆ. ಎರಡನ್ನೂ ಮನಸಾರೆಯೇ.

ಹಿಡಿದು ಬಿಡುವುದು ಯಾಕೆ ಕೆಲಸ ಮಾಡುವುದಿಲ್ಲ? ಕೋತಿ ಸಂಸಾರ ಹೆಂಗಸರ ಸಂಸಾರ. ಹೆಣ್ಣು ಹುಟ್ಟಿದ ಹಿಂಡಿನಲ್ಲೇ ಬದುಕು ಕಳೆಯುತ್ತದೆ. ಅಜ್ಜಿ, ಅಮ್ಮ, ಚಿಕ್ಕಮ್ಮ ಎಲ್ಲಾ ಒಂದೇ ಕಡೆ. ಮನೆ ಬಿಟ್ಟು ಬೇರೆ ಹಿಂಡು ಸೇರುವುದು ಗಂಡುಗಳು. ಬೋನಿಗೆ ಬೀಳುವುದು ಮರಿಗಳು, ಹರೆಯದವು, ಅವಸರದವು. ಇಡೀ ಹಿಂಡು ಬಿದ್ದಿದ್ದನ್ನು ನಾನಂತೂ ನೋಡಿಲ್ಲ. ಯಾವ ತೋಟದ ನಾಯಿ ಕಟ್ಟಿರುತ್ತದೆ, ಯಾವ ಮನೆಯ ಹಿಂಬಾಗಿಲು ತೆರೆದಿರುತ್ತದೆ ಅಂತ ಗೊತ್ತಿರುವ ಹಳೇ ಹೆಣ್ಣುಗಳು ಇಲ್ಲೇ ಉಳಿಯುತ್ತವೆ. ಮುಂದಿನ ವರ್ಷ ಫೆಬ್ರವರಿ, ಮಾರ್ಚ್ ಹೊತ್ತಿಗೆ ಮತ್ತೆ ಮರಿ ಹಾಕುತ್ತವೆ. ಖಾಲಿಯಾದ ಜಾಗಕ್ಕೆ ಪಕ್ಕದ ಹಿಂಡೂ ಕಾಲಿಡುತ್ತದೆ.

ಅತ್ತ ಕಾಡಿಗೆ ಬಿಟ್ಟವುಗಳ ಪಾಡು ಇನ್ನೂ ಕಷ್ಟ. ಅಲ್ಲಿ ಆಗಲೇ ಬೇರೆ ಹಿಂಡುಗಳಿರುತ್ತವೆ, ಹೊಸಬರನ್ನು ಅಟ್ಟುತ್ತವೆ. ಯಾವ ಮರ ಯಾವ ತಿಂಗಳು ಹಣ್ಣು ಬಿಡುತ್ತದೆ, ಬೇಸಿಗೆಯಲ್ಲಿ ನೀರೆಲ್ಲಿ, ಚಿರತೆ ಯಾವ ಕಡೆಯಿಂದ ಬರುತ್ತದೆ, ಒಂದೂ ಗೊತ್ತಿಲ್ಲ. ಗೊತ್ತಿರುವುದು ಒಂದೇ, ಮನುಷ್ಯ ಇರುವ ಕಡೆ ಊಟ ಇದೆ. ಹುಡುಕಿಕೊಂಡು ಕಾಡಂಚಿನ ಊರಿಗೆ ಬರುತ್ತವೆ. ನಮ್ಮ ತಲೆನೋವು ಆ ಊರವರಿಗೆ ದಾಟಿಸಿದ್ದಾಯಿತು, ಅಷ್ಟೇ.

'ಕೋತಿ ಹೆಚ್ಚಾಗಿಬಿಟ್ಟಿವೆ ಸಾರ್' ಅನ್ನುವ ಮಾತು ದಿನಾ ಕೇಳುತ್ತೇನೆ. ಲೆಕ್ಕ ಉಲ್ಟಾ ಹೇಳುತ್ತದೆ. ಮೈಸೂರು ವಿಶ್ವವಿದ್ಯಾಲಯದ ಮೇವಾ ಸಿಂಗ್ ಮತ್ತು ಸಂಗಡಿಗರು 1989ರಿಂದ 2015ರವರೆಗೆ ಮೈಸೂರು ಸುತ್ತಲಿನ ರಸ್ತೆಗಳಲ್ಲಿ ಮತ್ತೆ ಮತ್ತೆ ಕೋತಿ ಎಣಿಸಿದರು. 25 ವರ್ಷದಲ್ಲಿ ಸಂಖ್ಯೆ ಶೇ 65ಕ್ಕಿಂತ ಜಾಸ್ತಿ ಕುಸಿದಿದೆ ಅಂತ 2017ರಲ್ಲಿ ಪ್ರಕಟಿಸಿದರು. ನಮ್ಮ ಈ ಟೋಪಿ ಕ್ರಾಪಿನ ಕೋತಿ (ಇಂಗ್ಲಿಷಿನಲ್ಲಿ ಬಾನೆಟ್ ಮಕಾಕ್) ದಕ್ಷಿಣ ಭಾರತ ಬಿಟ್ಟರೆ ಪ್ರಪಂಚದಲ್ಲಿ ಬೇರೆಲ್ಲೂ ಇಲ್ಲ. ಉತ್ತರದ ಕಡೆಯಿಂದ ಕೆಂಪು ಮೂತಿಯ ರೀಸಸ್ ಕೋತಿ ಅದರ ಜಾಗವನ್ನು ಒತ್ತರಿಸಿಕೊಂಡು ಬರುತ್ತಿದೆ. ಯಾವ ಜೀವಿ ಅಳಿಯುವ ಹಾದಿಯಲ್ಲಿದೆ ಅಂತ ಗುರುತಿಸುವ ಅಂತರರಾಷ್ಟ್ರೀಯ ಕೆಂಪು ಪಟ್ಟಿ ಹಿಂದೆ ಚಿಂತೆಯಿಲ್ಲ ಅಂತಿತ್ತು, ಈಗ ಇದನ್ನು ಅಪಾಯಕ್ಕೆ ಸಿಲುಕಬಹುದಾದ ಪ್ರಾಣಿಗಳ ಸಾಲಿಗೆ ಸೇರಿಸಿದೆ. ಸಿಂಗಳೀಕ ಅಂದರೆ ಎಲ್ಲರೂ ಅಯ್ಯೋ ಅನ್ನುತ್ತೇವೆ, ಅದು ಪಶ್ಚಿಮ ಘಟ್ಟದ ದಟ್ಟ ಕಾಡಿನದ್ದು, ಅಪರೂಪದ್ದು. ಮನೆ ಮುಂದಿನ ಕೋತಿಗೆ ಯಾರು ಅಯ್ಯೋ ಅಂತಾರೆ?

ಹಾಗಾದರೆ ಜಾಸ್ತಿ ಕಾಣುವುದು ಯಾಕೆ? ರಸ್ತೆ ನೋಡಿ. ಮೈಸೂರಿನಿಂದ ಯಾವ ದಿಕ್ಕಿಗೆ ಹೊರಟರೂ ಮೊದಲು ಎರಡೂ ಕಡೆ ಆಲ, ಅರಳಿ, ಬಸರಿ, ಗೋಣಿ, ಹುಣಸೆ, ನೇರಳೆ. ಮೇಲೆ ಕೊಂಬೆಗೆ ಕೊಂಬೆ ಕೂಡಿ ಚಪ್ಪರ. ಗೋಣಿ ಮರಕ್ಕಂತೂ ಫೈಕಸ್ ಮೈಸೊರೆನ್ಸಿಸ್ ಅಂತ ನಮ್ಮೂರಿನ ಹೆಸರನ್ನೇ ಇಟ್ಟಿದ್ದರು. ಕೋತಿಗಳಿಗೆ ಇದು ಉದ್ದಕ್ಕೆ ಎಳೆದ ಕಾಡು. ಮಲಗಲು ಎತ್ತರದ ಕೊಂಬೆ, ತಿನ್ನಲು ಹಣ್ಣು, ನೆಲಕ್ಕೆ ಇಳಿಯದೆ ಓಡಾಡಲು ದಾರಿ. ಅತ್ತಿ ಹಣ್ಣು ಬಿಚ್ಚಿದರೆ ಬರೀ ಹುಳ ಅನ್ನುತ್ತೀವಲ್ಲ, ಆ ಹುಳವೇ ಕೋತಿಯ ಪುಣ್ಯ. ಅದು ಸಣ್ಣ ಕಣಜದ ಹುಳ. ಆಲ, ಅರಳಿ, ಬಸರಿ, ಗೋಣಿ ಎಲ್ಲಾ ಅತ್ತಿಯ ಜಾತಿಯವೇ, ಈ ಜಾತಿಯ ಮರಗಳಿಗೆ ಪರಾಗ ಮುಟ್ಟಿಸುವುದು ಇಂಥ ಹುಳವೊಂದೇ. ರೆಕ್ಕೆ ಬಂದಮೇಲೆ ಒಂದೆರಡು ದಿನ ಬದುಕಿದರೆ ಹೆಚ್ಚು. ಅಷ್ಟರೊಳಗೆ ಅದಕ್ಕೆ ಇನ್ನೊಂದು ಮರದಲ್ಲಿ ಎಳೇ ಕಾಯಿ ಸಿಗಬೇಕು. ಅದಕ್ಕೇ ಈ ಮರಗಳು ಮಾವಿನ ಹಾಗೆ ಎಲ್ಲಾ ಒಟ್ಟಿಗೆ ಹಣ್ಣು ಬಿಡುವುದಿಲ್ಲ. ಒಂದು ಮರ ಜನವರಿಯಲ್ಲಿ, ಪಕ್ಕದ್ದು ಜೂನ್‌ನಲ್ಲಿ. ಸಾಲಾಗಿ ಇಪ್ಪತ್ತು ಮರ ಇದ್ದರೆ ವರ್ಷಪೂರ್ತಿ ಎಲ್ಲೋ ಒಂದು ಕಡೆ ಊಟ ರೆಡಿ. ಬೇರೇನೂ ಹಣ್ಣಾಗದ ತಿಂಗಳುಗಳಲ್ಲಿ ಕಾಡಿನ ಪ್ರಾಣಿ ಪಕ್ಷಿಗಳನ್ನು ಸಾಕುವುದೂ ಇವೇ ಮರಗಳು.

ರಸ್ತೆ ಅಗಲವಾಯಿತು, ಮರ ಹೋದವು. 118 ಕಿಲೋಮೀಟರಿನ ಬೆಂಗಳೂರು ಮೈಸೂರು ಹೆದ್ದಾರಿ 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾಯಿತು. ಒಂದೂವರೆ ಗಂಟೆಯಲ್ಲಿ ಬೆಂಗಳೂರು ಮುಟ್ಟಿ ಖುಷಿಪಟ್ಟವರಲ್ಲಿ ನಾನೂ ಒಬ್ಬ, ಸುಮ್ನೆ ಯಾಕೆ ಸುಳ್ಳು ಹೇಳಲಿ. ಅಗಲವಾದ ರಸ್ತೆಗಳ ಪಕ್ಕದ ಎಷ್ಟೋ ಹಿಂಡುಗಳು ಕಾಣೆಯಾದವು. ಉಳಿದವು ಊರೊಳಗೆ ಬಂದವು. ಅಂದರೆ ಒಟ್ಟು ಲೆಕ್ಕ ಕಡಿಮೆ, ನಿಮ್ಮ ತಾರಸಿ ಮೇಲಿನ ಲೆಕ್ಕ ಜಾಸ್ತಿ. ತಾನು ತಿಂದು ಮೇಕೆ ಬಾಯಿಗೆ ಒರೆಸಿತು ಅಂತ ಕೋತಿಯ ಬಗ್ಗೆ ಹೇಳುತ್ತೇವೆ. ಇಲ್ಲಿ ಒರೆಸಿದವರು ನಾವು.

ಇನ್ನು ಚಾಮುಂಡಿ ಬೆಟ್ಟ, ಮೇಲುಕೋಟೆ. ಅಲ್ಲಿ ಬಾಳೆಹಣ್ಣು ಹಂಚುವವರಿಗೆ ಒಂದು ಮಾತು. ಕೋತಿ ಮುಂದೆ ಹಲ್ಲು ಬಿಟ್ಟು ಸೆಲ್ಫಿ ತೆಗೆಯಬೇಡಿ. ಕೋತಿ ತುಟಿ ಹಿಂದಕ್ಕೆಳೆದು ಹಲ್ಲು ತೋರಿಸಿದರೆ ನಗು ಅಲ್ಲ, 'ಹೆದರಿದ್ದೀನಿ, ಬಿಟ್ಟುಬಿಡು' ಅಂತ. ನೀವು ತೋರಿಸಿದರೂ ಅದಕ್ಕೆ ಹಾಗೇ ಅರ್ಥವಾಗಬಹುದು, ಕೈಯಲ್ಲಿರುವ ಕವರು ಹೋಗುತ್ತದೆ. ದಿಟ್ಟಿಸಿ ನೋಡುವುದು, ಹುಬ್ಬು ಮೇಲೆತ್ತುವುದು ಜಗಳಕ್ಕೆ ಕರೆದ ಹಾಗೆ. ಕಣ್ಣು ತಪ್ಪಿಸಿ, ಕೈ ಖಾಲಿ ಅಂತ ತೋರಿಸಿ, ಮೆಲ್ಲಗೆ ಪಕ್ಕಕ್ಕೆ ಹೋಗಿ. ಓಡಬೇಡಿ. ತಿನ್ನಲು ಕೊಡಲೇಬೇಡಿ. ಕುಂಕುಮ ಹಚ್ಚಿದ ಬಾಳೆಹಣ್ಣು ತಿಂದ ಮರಿ ಮರ ಹುಡುಕುವುದನ್ನು ಕಲಿಯುವುದಿಲ್ಲ, ಕವರು ಹುಡುಕುವುದನ್ನು ಕಲಿಯುತ್ತದೆ.

ರೈತರಿಗೆ ಏನು ಹೇಳಲಿ ಅಂತ ನನಗೂ ಪೂರ್ತಿ ತೋಚಿಲ್ಲ. ಪಟಾಕಿಗೆ ಒಂದು ವಾರ ಹೆದರುತ್ತವೆ, ಆಮೇಲೆ ಕೇರ್ ಮಾಡಲ್ಲ. ಹುಲಿ ಗೊಂಬೆಗೂ ಅಷ್ಟೇ. ಅಕ್ಕಪಕ್ಕದ ನಾಲ್ಕು ತೋಟದವರು ಸರದಿ ಹಾಕಿಕೊಂಡು ಬೆಳಗ್ಗೆ ಮತ್ತು ಇಳಿಹೊತ್ತು ಕಾದ ಕಡೆ ಹಾನಿ ಕಮ್ಮಿಯಾಗಿದ್ದನ್ನು ನೋಡಿದ್ದೇನೆ. ಒಬ್ಬರೇ ಕಾದರೆ ಪಕ್ಕದ ತೋಟಕ್ಕೆ ಅಟ್ಟಿದ ಹಾಗಷ್ಟೇ. ಊರಿನ ಕಸದ ರಾಶಿ ಮುಚ್ಚಿದರೆ ಹಿಂಡು ಅಲ್ಲಿ ಠಿಕಾಣಿ ಹೂಡುವುದಿಲ್ಲ. ಕೆರೆ ಏರಿ, ಗೋಮಾಳದಲ್ಲಿ ಅತ್ತಿ, ಬಸರಿ, ಗೋಣಿ ನೆಡಿ ಅಂತಲೂ ಹೇಳುತ್ತೇನೆ. 'ಅದು ದೊಡ್ಡದಾಗೋ ಹೊತ್ತಿಗೆ ನಾನಿರಲ್ಲ ಸಾರ್' ಅನ್ನುತ್ತಾರೆ. ಅದೂ ನಿಜವೇ.

ಆ ಪಾಂಡವಪುರದ ಊರಿಗೆ ಹೋದ ತಿಂಗಳು ಮತ್ತೆ ಹೋಗಿದ್ದೆ. ಬೋನು ದನದ ಕೊಟ್ಟಿಗೆ ಪಕ್ಕ ತುಕ್ಕು ಹಿಡಿದು ಬಿದ್ದಿದೆ, ಕೋಳಿ ಕೂಡಿಹಾಕಲು ಬಳಸುತ್ತಿದ್ದಾರೆ. ಹರಿದ ಕಿವಿಯ ಮುದುಕಿ ಅದೇ ಮಾವಿನ ಮರದಲ್ಲಿ ಕೂತಿತ್ತು. ಎದೆಗೆ ಅಂಟಿಕೊಂಡು ಒಂದು ಮರಿ, ಅದರದ್ದೋ ಮೊಮ್ಮಗುವೋ ಗೊತ್ತಾಗಲಿಲ್ಲ. ಯಜಮಾನರು ನನ್ನ ಪಕ್ಕ ನಿಂತು ನೋಡಿ, 'ಇವಳೊಬ್ಬಳಾದ್ರೆ ಇರಲಿ ಬಿಡಿ ಸಾರ್' ಅಂದರು. ಅವರ ಬೆನ್ನ ಹಿಂದೆ ಪಂಪ್‌ಹೌಸ್ ಮೇಲೆ ಹತ್ತೊಂಬತ್ತು ಕೂತಿದ್ದವು, ನಾನು ಎಣಿಸಿದ್ದೆ.