ಕೌಂಟರ್‌ನಿಂದ ವಾರ್ಡ್‌ಗೆ ಇಷ್ಟು ದೂರ ಯಾಕೆ?

ಮೆಥೊಟ್ರೆಕ್ಸೇಟ್ ಅಂತ ಒಂದು ಮಾತ್ರೆ ಇದೆ. ಕೀಲುವಾತಕ್ಕೆ ಬರೆದುಕೊಟ್ಟರೆ ಅದನ್ನು ವಾರದಲ್ಲಿ ಒಂದೇ ದಿನ ತಗೋಬೇಕು. ಚೀಟಿಯ ಅಕ್ಷರ ಅರ್ಥವಾಗದೆಯೋ, ಡಾಕ್ಟರ್ ಹೇಳಿದ್ದು ಸರಿಯಾಗಿ ಕೇಳಿಸದೆಯೋ ದಿನಾ ನುಂಗಿದರೆ ಬಾಯೆಲ್ಲ ಹುಣ್ಣಾಗುತ್ತದೆ, ರಕ್ತಕಣಗಳು ಕುಸಿಯುತ್ತವೆ, ಜೀವಕ್ಕೇ ಕುತ್ತು ಬರುತ್ತದೆ. ಮಾತ್ರೆ ಮನೆ ಸೇರುವ ಮೊದಲು ಈ ತಪ್ಪನ್ನು ಹಿಡಿಯಬಹುದಾದ ಕೊನೆಯ ವ್ಯಕ್ತಿ ಕೌಂಟರ್ ಹಿಂದೆ ನಿಂತಿರುವ ಫಾರ್ಮಸಿಸ್ಟ್. ‘ಸೋಮವಾರ ಅಂದ್ರೆ ಸೋಮವಾರ ಮಾತ್ರ, ಮಿಕ್ಕ ದಿನ ಮುಟ್ಟಬೇಡಿ’ ಎಂದು ಅವರು ಹೇಳುವ ಒಂದು ಮಾತಿಗೆ ಅಷ್ಟು ಬೆಲೆ ಇದೆ.

ಬೆಂಗಳೂರಿನ ಮೆಡಿಕಲ್ ಸ್ಟೋರ್‌ಗಳಲ್ಲಿ, ಆಸ್ಪತ್ರೆಗಳ ಔಷಧ ವಿಭಾಗದಲ್ಲಿ ವರ್ಷಗಟ್ಟಲೆ ದುಡಿದ ಫಾರ್ಮಸಿಸ್ಟ್‌ಗಳ ಜೊತೆ ಮಾತಿಗೆ ಕೂತರೆ ಒಂದು ಪ್ರಶ್ನೆ ಬಂದೇ ಬರುತ್ತದೆ. ಕೆಲಸ ಬಿಡದೆ ಕ್ಲಿನಿಕಲ್ ಫಾರ್ಮಸಿಯಲ್ಲಿ, ಅಂದರೆ ವಾರ್ಡಿನಲ್ಲೇ ರೋಗಿಯ ಔಷಧಗಳನ್ನು ಪರಿಶೀಲಿಸುವ ಓದಿನಲ್ಲಿ, ಪಿಜಿ ಮಾಡೋಕೆ ದಾರಿ ಇದೆಯಾ? ದೇಶದ ಫಾರ್ಮಸಿ ಓದಿಗೆ ನಿಯಮ ಮಾಡುವ ಭಾರತೀಯ ಫಾರ್ಮಸಿ ಕೌನ್ಸಿಲ್ ಒಪ್ಪುವಂಥ ಸಂಜೆ ಕಾಲೇಜು, ಅಂಚೆ ಶಿಕ್ಷಣ ಯಾವುದೂ ಇಲ್ಲ. ಯಾಕಿಲ್ಲ ಅನ್ನೋದಕ್ಕೆ ತುಂಬ ಹಿಂದಕ್ಕೆ ಹೋಗಬೇಕು.

ನಮ್ಮ ಅಜ್ಜಿಯರ ಕಾಲದಲ್ಲಿ ಔಷಧ ಕೊಡುತ್ತಿದ್ದವರು ಕಾಂಪೌಂಡರ್. ಡಾಕ್ಟರ್ ಹೇಳಿದ್ದನ್ನು ಬೆರೆಸಿ, ಬಾಟಲಿಗೆ ತುಂಬಿ, ಒಂದೊಂದು ಡೋಸ್ ಎಷ್ಟೆಂದು ಗೊತ್ತಾಗಲು ಹೊರಗೆ ಕತ್ತರಿಸಿದ ಕಾಗದದ ಪಟ್ಟಿ ಅಂಟಿಸುತ್ತಿದ್ದರು. ಈ ಕೆಲಸಕ್ಕೆ ಓದು ಬೇಕು, ಕಾನೂನು ಬೇಕು ಅಂತ ಬಲವಾಗಿ ಹೇಳಿದ್ದು 1930-31ರ ಔಷಧ ವಿಚಾರಣಾ ಸಮಿತಿ. ಕರ್ನಲ್ ಆರ್.ಎನ್. ಚೋಪ್ರಾ ಅದರ ಅಧ್ಯಕ್ಷರು. 1932ರಲ್ಲಿ ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ಮಹಾದೇವ ಲಾಲ್ ಶ್ರಾಫ್ ಅವರು ಫಾರ್ಮಸಿ ಪಾಠ ಶುರು ಮಾಡಿದರು. ಫಾರ್ಮಸಿ ಕಾಯ್ದೆ ಬಂದಿದ್ದು 1948ರಲ್ಲಿ.

ದಾರಿ ಎರಡಾಗಿ ಕವಲೊಡೆದದ್ದು ಇದಾದ ಮೇಲೆ. ಕಾಯ್ದೆಯ ಪ್ರಕಾರ ರಿಜಿಸ್ಟರ್ಡ್ ಫಾರ್ಮಸಿಸ್ಟ್ ಆಗಲು ಡಿಪ್ಲೊಮಾ, ಅಂದರೆ ಡಿ.ಫಾರ್ಮ್ ಸಾಕು. ಎರಡು ವರ್ಷ ಓದು, ಜೊತೆಗೆ 500 ಗಂಟೆಗಳ ತರಬೇತಿ. ಅಷ್ಟು ಮುಗಿಸಿದವರು ಕೌಂಟರ್‌ಗೆ ಬಂದರು. ಪದವಿ, ಅಂದರೆ ಬಿ.ಫಾರ್ಮ್ ಓದಿದವರು ಕಾರ್ಖಾನೆಯ ಕಡೆ ಹೋದರು. ಅದಕ್ಕೆ ಕಾರಣವೂ ಇತ್ತು. ಆಗತಾನೇ ಸ್ವತಂತ್ರವಾದ ದೇಶಕ್ಕೆ ಪೆನಿಸಿಲಿನ್ ತಾನೇ ತಯಾರಿಸಿಕೊಳ್ಳುವ ತುರ್ತಿತ್ತು. 1954ರಲ್ಲಿ ಪುಣೆ ಹತ್ತಿರದ ಪಿಂಪ್ರಿಯಲ್ಲಿ ಹಿಂದೂಸ್ತಾನ್ ಆ್ಯಂಟಿಬಯೋಟಿಕ್ಸ್ ಶುರುವಾಯಿತು. ನಮ್ಮಲ್ಲೂ 1981ರಲ್ಲಿ ಕರ್ನಾಟಕ ಆ್ಯಂಟಿಬಯೋಟಿಕ್ಸ್ ಹುಟ್ಟಿತು. ಪದವಿಯ ಪಾಠಗಳು ಮಾತ್ರೆ ಮಾಡುವುದು, ಪರೀಕ್ಷಿಸುವುದು, ರಸಾಯನಶಾಸ್ತ್ರ, ಇವುಗಳ ಸುತ್ತಲೇ ಬೆಳೆದವು. 1964ರಲ್ಲಿ ಬೆಂಗಳೂರಿನಲ್ಲಿ ಸರ್ಕಾರಿ ಫಾರ್ಮಸಿ ಕಾಲೇಜು ಶುರುವಾದಾಗ ದೇಶದ ಫಾರ್ಮಸಿ ಪದವಿಗೆ ಇದ್ದ ಹವಾ ಇದೇ. ರೋಗಿಯ ಎದುರು ನಿಲ್ಲುವವರಿಗೆ ಓದು ಕಡಿಮೆ, ಓದು ಜಾಸ್ತಿ ಇದ್ದವರಿಗೆ ರೋಗಿಯೇ ಕಾಣಲಿಲ್ಲ. ನನ್ನ ಪ್ರಕಾರ ಇವತ್ತಿನ ತೊಡಕಿನ ಬೇರು ಇಲ್ಲಿಯೇ ಇದೆ.

ಅದೇ ಹೊತ್ತಿಗೆ ಬೇರೆ ಕಡೆ ಗಾಳಿ ತಿರುಗುತ್ತಿತ್ತು. 1966ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ ಫಾರ್ಮಸಿಸ್ಟ್‌ಗಳನ್ನು ಒಂಬತ್ತನೇ ಮಹಡಿಯ ಸರ್ಜರಿ ವಾರ್ಡಿಗೇ ಕಳಿಸಿದರು. ಹಗಲು ರಾತ್ರಿ ಅವರು ಅಲ್ಲೇ ಇರುತ್ತಿದ್ದರು. ಬ್ರಿಟನ್‌ನಲ್ಲಂತೂ ಆಸ್ಪತ್ರೆಯ ಫಾರ್ಮಸಿಸ್ಟ್‌ಗಳು ಕೆಲಸ ಮಾಡುತ್ತಲೇ ಕ್ಲಿನಿಕಲ್ ಫಾರ್ಮಸಿಯ ಸ್ನಾತಕೋತ್ತರ ಡಿಪ್ಲೊಮಾ ಓದುವುದು ದಶಕಗಳಿಂದ ರೂಢಿಯಲ್ಲಿದೆ. ಅವರು ಕೆಲಸ ಮಾಡುವ ವಾರ್ಡೇ ಅವರ ಪಾಠಶಾಲೆ.

ವಾರ್ಡಿನಲ್ಲಿ ಫಾರ್ಮಸಿಸ್ಟ್‌ಗೆ ಏನು ಕೆಲಸ ಅಂತ ಕೇಳುವವರಿದ್ದಾರೆ. ಬೇಕಾದಷ್ಟಿದೆ. ರಕ್ತ ಹೆಪ್ಪುಗಟ್ಟದಿರಲಿ ಅಂತ ವಾರ್ಫರಿನ್ ತಗೊಳ್ಳುತ್ತಿರುವ ಹಿರಿಯರೊಬ್ಬರಿಗೆ ಹೊಟ್ಟೆ ಸೋಂಕಿಗೆಂದು ಮೆಟ್ರೊನಿಡಜೋಲ್ ಬರೆದರು ಅಂದುಕೊಳ್ಳಿ. ಎರಡೂ ಸೇರಿದರೆ ವಾರ್ಫರಿನ್‌ನ ಪ್ರಭಾವ ಏರಿ ರಕ್ತಸ್ರಾವ ಆಗಬಹುದು. ಕಿಡ್ನಿ ಸೋತವರಿಗೆ ಜೆಂಟಾಮೈಸಿನ್ ಎಂಬ ಆ್ಯಂಟಿಬಯೋಟಿಕ್ ಕೊಡುವಾಗ, ಕಿಡ್ನಿ ಎಷ್ಟು ಕೆಲಸ ಮಾಡುತ್ತಿದೆ ಎಂದು ತೋರಿಸುವ ರಕ್ತದ ಕ್ರಿಯಾಟಿನಿನ್ ನೋಡಿ ಡೋಸ್ ಲೆಕ್ಕ ಹಾಕಬೇಕು. ಥೈರಾಯ್ಡ್ ಮಾತ್ರೆಯ ಜೊತೆಗೇ ಕ್ಯಾಲ್ಸಿಯಂ ನುಂಗಿದರೆ ಥೈರಾಯ್ಡ್ ಮಾತ್ರೆ ಮೈಗೆ ಸರಿಯಾಗಿ ಹತ್ತುವುದಿಲ್ಲ, ನಡುವೆ ನಾಲ್ಕು ಗಂಟೆ ಬಿಡುವು ಬೇಕು. ರೌಂಡ್ಸ್‌ನಲ್ಲಿ ಡಾಕ್ಟರ್ ಹಿಂದೆ ನಡೆಯುತ್ತಾ, ಕೇಸ್ ಶೀಟ್ ಓದುತ್ತಾ ಇಂಥದ್ದನ್ನೆಲ್ಲ ಹುಡುಕಿ, ಹೇಳಿ, ಸರಿಪಡಿಸುವುದೇ ಕ್ಲಿನಿಕಲ್ ಫಾರ್ಮಸಿ. ಬರೀ ಪುಸ್ತಕ ಓದಿ ಇದು ಬರುವುದಿಲ್ಲ. ಹಾಸಿಗೆಯ ಪಕ್ಕ ನಿಂತೇ ಕಲಿಯಬೇಕು.

ನಮ್ಮ ದೇಶದಲ್ಲಿ ಈ ಓದು ಬೇರೂರಿದ್ದರಲ್ಲಿ ಕರ್ನಾಟಕದ ಪಾಲು ದೊಡ್ಡದು. ಅದನ್ನು ಹೇಳುವಾಗ ಹೆಮ್ಮೆಯಾಗುತ್ತದೆ. 1996-97ರ ಸುಮಾರಿಗೆ ಮೈಸೂರು ಮತ್ತು ಊಟಿಯ ಜೆಎಸ್‌ಎಸ್ ಕಾಲೇಜುಗಳಲ್ಲಿ ಕ್ಲಿನಿಕಲ್ ಫಾರ್ಮಸಿ ಕಲಿಸುವ ಫಾರ್ಮಸಿ ಪ್ರಾಕ್ಟೀಸ್ ವಿಷಯದಲ್ಲಿ ಎಂ.ಫಾರ್ಮ್, ಅಂದರೆ ಸ್ನಾತಕೋತ್ತರ ಪದವಿ ಶುರುವಾಯಿತು. ಆಸ್ಟ್ರೇಲಿಯಾದ ಅನುಭವಿಗಳು ಬಂದು ಕೈಹಿಡಿದು ಕಲಿಸಿದರು. ಬೆಂಗಳೂರಿನಲ್ಲಿ 1997ರಲ್ಲಿ ಕರ್ನಾಟಕ ರಾಜ್ಯ ಫಾರ್ಮಸಿ ಕೌನ್ಸಿಲ್ ಔಷಧ ಮಾಹಿತಿ ಕೇಂದ್ರ ತೆರೆಯಿತು. ಔಷಧದ ಬಗ್ಗೆ ಅನುಮಾನ ಬಂದರೆ ಕೇಳಿ ತಿಳಿದುಕೊಳ್ಳಲು ಒಂದು ಜಾಗವಾಯಿತು. ಆಮೇಲೆ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಅಡಿಯಲ್ಲಿ ನಗರದ ಹಲವು ಕಾಲೇಜುಗಳಿಗೂ ಈ ಕೋರ್ಸ್ ಬಂತು.

2008ರಲ್ಲಿ ಫಾರ್ಮ್ ಡಿ, ಅಂದರೆ ಡಾಕ್ಟರ್ ಆಫ್ ಫಾರ್ಮಸಿ ಕೋರ್ಸ್ ಬಂತು. ಪಿಯುಸಿ ಮುಗಿಸಿ ಬಂದವರಿಗೆ ಆರು ವರ್ಷ. ಬಿ.ಫಾರ್ಮ್ ಆದವರು ನೇರ ನಾಲ್ಕನೇ ವರ್ಷಕ್ಕೆ ಸೇರಿ ಮೂರು ವರ್ಷದಲ್ಲಿ ಮುಗಿಸಬಹುದು. ಕೊನೆಯ ವರ್ಷ ಪೂರ್ತಿ ಆಸ್ಪತ್ರೆಯಲ್ಲಿ ಇಂಟರ್ನ್‌ಶಿಪ್. ಈ ಕೋರ್ಸ್ ನಡೆಸುವ ಕಾಲೇಜಿಗೆ 300 ಹಾಸಿಗೆಯ ಆಸ್ಪತ್ರೆಯ ನಂಟು ಇರಲೇಬೇಕು ಅನ್ನೋ ನಿಯಮ ಒಳ್ಳೆಯದೇ.

ಆದರೆ ಇದೆಲ್ಲ ಇಪ್ಪತ್ತರ ಹರೆಯದವರಿಗೆ ಹೊಲಿದ ಅಂಗಿ. ಎಂ.ಫಾರ್ಮ್ ಎರಡು ವರ್ಷದ ಪೂರ್ಣಾವಧಿ ಕೋರ್ಸ್, ಹಾಜರಿ ಕಡ್ಡಾಯ. ಜಿಪ್ಯಾಟ್ ಎಂಬ ರಾಷ್ಟ್ರಮಟ್ಟದ ಪ್ರವೇಶ ಪರೀಕ್ಷೆ ಪಾಸಾದವರಿಗೆ ಸಿಗುವ ವಿದ್ಯಾರ್ಥಿವೇತನ ತಿಂಗಳಿಗೆ 12,400 ರೂಪಾಯಿ. ಮನೆ ಬಾಡಿಗೆ, ಮಗುವಿನ ಸ್ಕೂಲ್ ಫೀಸು, ಊರಲ್ಲಿರುವ ಅಪ್ಪ ಅಮ್ಮನ ಔಷಧಿ, ಇಷ್ಟನ್ನೂ ಬೆಂಗಳೂರಿನಲ್ಲಿ ಅದರಲ್ಲಿ ತೂಗಿಸೋಕೆ ಆಗುತ್ತಾ? ಹತ್ತು ವರ್ಷ ನೈಟ್ ಶಿಫ್ಟ್ ಮಾಡಿ ಸಾವಿರಾರು ಚೀಟಿ ಓದಿದವರ ಅನುಭವಕ್ಕೆ ಪ್ರವೇಶದಲ್ಲಿ ಬೆಲೆ ಸಿಗುತ್ತಿಲ್ಲ.

ಕೆಲಸದಲ್ಲಿರುವವರನ್ನು ನೆನೆಸಿಕೊಂಡು ಮಾಡಿದ ನಿಯಮವೂ ಒಂದಿದೆ. 2014ರ ಬಿ.ಫಾರ್ಮ್ (ಪ್ರಾಕ್ಟೀಸ್) ನಿಯಮಾವಳಿ. ಡಿ.ಫಾರ್ಮ್ ಮಾಡಿ, ಕನಿಷ್ಠ ನಾಲ್ಕು ವರ್ಷ ಅಂಗಡಿಯಲ್ಲೋ ಆಸ್ಪತ್ರೆಯಲ್ಲೋ ಕೆಲಸ ಮಾಡಿದ ರಿಜಿಸ್ಟರ್ಡ್ ಫಾರ್ಮಸಿಸ್ಟ್‌ಗೆ ಎರಡು ವರ್ಷದಲ್ಲಿ ಪದವಿ. ಅನುಭವವನ್ನೂ ಅರ್ಹತೆ ಅಂತ ಎಣಿಸಿದ ನಿಯಮ ಇದು. ಮರುವರ್ಷವೇ, 2015ರಲ್ಲಿ, ಫಾರ್ಮಸಿ ಪ್ರಾಕ್ಟೀಸ್ ನಿಯಮಾವಳಿ ಬಂದು ರೋಗಿಗೆ ಔಷಧದ ಬಗ್ಗೆ ತಿಳಿಹೇಳುವುದು ಫಾರ್ಮಸಿಸ್ಟ್‌ನ ಕರ್ತವ್ಯ ಎಂದಿತು. ಕರ್ತವ್ಯ ಏನೋ ಬಂತು. ಪದವಿಯಾಚೆ, ಕೆಲಸದ ಜೊತೆಗೇ ಓದುವ ಮುಂದಿನ ಮೆಟ್ಟಿಲು ಬರಲಿಲ್ಲ.

ಆ ಮೆಟ್ಟಿಲು ಕಟ್ಟೋಕೆ ಬೇಕಾದ್ದೆಲ್ಲ ಬೆಂಗಳೂರಿನಲ್ಲೇ ಇದೆ ಅಲ್ವಾ? ಕಲಿಸುವ ಕಾಲೇಜುಗಳಿವೆ, ದೊಡ್ಡ ಆಸ್ಪತ್ರೆಗಳಿವೆ, ವಿಶ್ವವಿದ್ಯಾಲಯ ಇರುವುದು ಜಯನಗರದಲ್ಲಿ. ವಾರಕ್ಕೆ ಎರಡು ಸಂಜೆ ಪಾಠ, ತಾವು ದುಡಿಯುವ ಆಸ್ಪತ್ರೆಯಲ್ಲೇ ವಾರ್ಡ್ ತರಬೇತಿ, ಎರಡರ ಬದಲು ಮೂರು ವರ್ಷ. ಇಷ್ಟಕ್ಕೆ ದೆಹಲಿಯ ಫಾರ್ಮಸಿ ಕೌನ್ಸಿಲ್ ತನ್ನ ನಿಯಮ ತಿದ್ದಬೇಕು. ನಾಲ್ಕು ವರ್ಷದ ದುಡಿಮೆಯನ್ನು ಅರ್ಹತೆ ಅಂತ 2014ರಲ್ಲಿ ಒಪ್ಪಿದ್ದೂ ಅದೇ ಕೌನ್ಸಿಲ್.