ಬಚ್ಚಲ ನೀರಿನ ಭಯ ನೊರೆಯದ್ದಲ್ಲ, ಸೋಡಿಯಂನದ್ದು

ಬಟ್ಟೆ ಒಗೆದ ನೀರು ಬಿಟ್ಟರೆ ಗಿಡ ಸಾಯುತ್ತದೆ, ನೊರೆಯೇ ಬೇರು ಸುಡುತ್ತದೆ ಎಂದು ಬಹಳ ಜನ ನಂಬಿದ್ದಾರೆ. ಹಾಗಾಗಿ ಜಲ್ಲಿ, ಮರಳು ತುಂಬಿದ ತೊಟ್ಟಿ ಕಟ್ಟಿಸಿ, ನೀರು ತಿಳಿಯಾದ ಕೂಡಲೇ ನಿಶ್ಚಿಂತರಾಗುತ್ತಾರೆ. ಆದರೆ ನಿಜವಾದ ತೊಂದರೆ ಆ ತಿಳಿನೀರಿನಲ್ಲೇ ಕರಗಿ ಕೂತಿರುತ್ತದೆ.

ನೊರೆಯ ಭಯ ಸುಮ್ನೆ ಹುಟ್ಟಿದ್ದಲ್ಲ. 1950ರ ದಶಕದ ಡಿಟರ್ಜೆಂಟ್ ಅಣುಗಳಿಗೆ ಕವಲುಗಳಿದ್ದವು, ಬ್ಯಾಕ್ಟೀರಿಯಾಗಳಿಗೆ ಅವನ್ನು ಒಡೆಯಲು ಆಗುತ್ತಿರಲಿಲ್ಲ. ಯುರೋಪ್, ಅಮೆರಿಕದ ನದಿಗಳಲ್ಲಿ ನೊರೆ ಗುಡ್ಡೆಗಟ್ಟಿತು. 1960ರ ದಶಕದಲ್ಲಿ ಅಲ್ಲಿನ ತಯಾರಕರು ಕವಲಿಲ್ಲದ ಅಣುಗಳಿಗೆ ಬದಲಾದರು. ಅವನ್ನು ಜಲ್ಲಿಗೆ ಅಂಟಿ ಬೆಳೆಯುವ ಬ್ಯಾಕ್ಟೀರಿಯಾಗಳು ಆರಾಮಾಗಿ ತಿನ್ನುತ್ತವೆ.

ಸೋಡಿಯಂ ಹಾಗಲ್ಲ. ಅದು ಮೂಲಧಾತು, ಅದನ್ನು ತಿಂದು ಮುಗಿಸುವ ಜೀವಿ ಯಾವುದೂ ಇಲ್ಲ. ಸೋಪಿನ ಪುಡಿಯಲ್ಲಿ ವಾಷಿಂಗ್ ಸೋಡಾ (ಸೋಡಿಯಂ ಕಾರ್ಬೊನೇಟ್), ಸೋಡಿಯಂ ಸಲ್ಫೇಟ್ ಧಾರಾಳವಾಗಿರುತ್ತವೆ.

ಮಣ್ಣಿನಲ್ಲಿರುವ ಜೇಡಿಯ ಕಣಗಳು ಋಣ ವಿದ್ಯುದಂಶದ ತೆಳು ಹಾಳೆಗಳು. ಕ್ಯಾಲ್ಸಿಯಂಗೆ ಎರಡು ಧನ ವಿದ್ಯುದಂಶ ಇರುವುದರಿಂದ ಹಾಳೆಗಳನ್ನು ಒತ್ತಟ್ಟಿಗೆ ಹಿಡಿದಿಡುತ್ತದೆ. ಸೋಡಿಯಂಗೆ ಒಂದೇ, ಹಾಗಾಗಿ ಅದರ ಹಿಡಿತ ಸಡಿಲ. ಅದು ಕ್ಯಾಲ್ಸಿಯಂನ ಜಾಗ ಹಿಡಿದರೆ ಹಾಳೆಗಳು ಬಿಟ್ಟುಕೊಳ್ಳುತ್ತವೆ. ಹುಡಿ ಮಣ್ಣಿನ ಸಂದುಗಳಿಗೆ ಜೇಡಿ ತುಂಬುತ್ತದೆ. ನೀರು ಮೇಲೇ ನಿಲ್ಲುತ್ತದೆ, ಒಣಗಿದರೆ ಮೇಲೆ ಗಟ್ಟಿ ಪದರ ಕಟ್ಟುತ್ತದೆ, ಬೇರಿಗೆ ಗಾಳಿ ಸಿಗುವುದಿಲ್ಲ. ಎರೆ ಮಣ್ಣಿನಲ್ಲಿ ಈ ಕಾಟ ಜಾಸ್ತಿ, ಕೆಂಪು ಮಣ್ಣಿನಲ್ಲಿ ಕಡಿಮೆ.

ಹಿಂದೆ ಬಚ್ಚಲ ನೀರು ಹಿತ್ತಲ ಬಾಳೆಗೆ, ಕೆಸುವಿಗೆ ಹೋಗ್ತಿರಲಿಲ್ವಾ ಎಂದು ಕೇಳುತ್ತಾರೆ. ಹೋಗುತ್ತಿತ್ತು, ಗಿಡ ಸೊಂಪಾಗಿಯೂ ಬೆಳೆಯುತ್ತಿತ್ತು. ಆ ನೀರಿನಲ್ಲಿ ಇದ್ದದ್ದು ಸೀಗೇಪುಡಿ, ಅಂಟುವಾಳ, ಕಡಲೆಹಿಟ್ಟು. ಅವುಗಳಲ್ಲಿ ಸೋಡಿಯಂ ಇಲ್ಲವೆಂದರೂ ನಡೆಯುತ್ತದೆ. ಬಚ್ಚಲು ಅದೇ ಇರಬಹುದು, ನೀರು ಅದೇ ಅಲ್ಲ.

ಹಾಗೆಂದು ನೀರನ್ನು ಚರಂಡಿಗೆ ಚೆಲ್ಲಬೇಡಿ. ವಾಷಿಂಗ್ ಮೆಷಿನ್ನಿನ ಮೊದಲ ನೀರನ್ನಷ್ಟೇ ಹೊರಗೆ ಬಿಡಿ, ಜಾಲಿಸಿದ ನೀರನ್ನು ತೋಟಕ್ಕೆ ತಿರುಗಿಸಿ. ಸ್ನಾನದ ನೀರೂ ಸರಿ. ದಿನಕ್ಕಿಂತ ಹೆಚ್ಚು ಕೂಡಿಡಬೇಡಿ, ಆಮ್ಲಜನಕ ಮುಗಿದು ನಾತ ಶುರುವಾಗುತ್ತದೆ. ಹಸಿಯಾಗಿ ತಿನ್ನುವ ಸೊಪ್ಪಿಗೆ ಬೇಡ.

ನಿಮ್ಮ ಮಣ್ಣು ಕೆಟ್ಟಿದೆಯಾ ಎಂದು ಮನೆಯಲ್ಲೇ ನೋಡಬಹುದು. ಆಸ್ಟ್ರೇಲಿಯಾದ ಮಣ್ಣು ವಿಜ್ಞಾನಿ ಎಮರ್ಸನ್ 1967ರಲ್ಲಿ ಪ್ರಕಟಿಸಿದ ಪರೀಕ್ಷೆಯ ಸರಳ ರೂಪ ಇದು. ಗಾಜಿನ ಲೋಟದಲ್ಲಿ ಮಳೆನೀರು ತುಂಬಿ. ಬಟಾಣಿಯಷ್ಟು ಒಣ ಮಣ್ಣಿನ ಹೆಂಟೆಯನ್ನು ಮೆಲ್ಲಗೆ ಬಿಡಿ, ಕಲಕಬೇಡಿ. ಹೆಂಟೆ ಸುಮ್ನೆ ಪುಡಿಯಾಗಿ ಕೂತರೆ ಚಿಂತೆಯಿಲ್ಲ. ಸುತ್ತ ಹಾಲಿನಂಥ ಮಬ್ಬು ಹರಡಿದರೆ ಜೇಡಿ ಬಿಟ್ಟುಕೊಂಡಿದೆ ಎಂದರ್ಥ. ಆಗ ಗೊಬ್ಬರದಂಗಡಿಯ ಜಿಪ್ಸಂ ತಂದು ಹಾಕಿ. ಅದರ ಕ್ಯಾಲ್ಸಿಯಂ ಸೋಡಿಯಂ ಅನ್ನು ಹೊರದಬ್ಬುತ್ತದೆ, ಹೊರಬಿದ್ದದ್ದನ್ನು ಜೋರು ಮಳೆ ಬೇರಿನ ಕೆಳಕ್ಕೆ ತೊಳೆದೊಯ್ಯುತ್ತದೆ.