ವಿದ್ಯುತ್ ಹರಿಸುವ ಪಾಲಿಮರ್‌ನಿಂದಲೇ ನೂಲು ತೆಗೆದರೆ ಸಾಲದೇ?

ಪ್ರಶ್ನೆ: ಎಷ್ಟು ಹಿಗ್ಗಿತು ಎಂದು ಅಳೆಯುವ, ತಾನೂ ಹಿಗ್ಗುವ ಸ್ಟ್ರೇನ್ ಸೆನ್ಸರ್ ಮಾಡುವಾಗ ವಾಹಕ ಪಾಲಿಮರ್ ಜೊತೆ ರಬ್ಬರಿನಂಥ ಇನ್ನೊಂದು ಪಾಲಿಮರ್ ಯಾಕೆ ಬೇಕು?

ಉತ್ತರ: ನೂಲು ತೆಗೆಯುವಾಗಲೇ ತೊಡಕು ಶುರುವಾಗುತ್ತದೆ. ವಿದ್ಯುತ್ ಸೆಳೆತದಿಂದ ನೂಲು ತೆಗೆಯುವ ಎಲೆಕ್ಟ್ರೋಸ್ಪಿನ್ನಿಂಗ್‌ನಲ್ಲಿ ಪಾಲಿಮರ್ ದ್ರಾವಣ ತುಂಬಿದ ಸಿರಿಂಜಿನ ಸೂಜಿಗೂ ಎದುರಿನ ಲೋಹದ ತಟ್ಟೆಗೂ ನಡುವೆ ಸಾಮಾನ್ಯವಾಗಿ 10ರಿಂದ 25 ಕಿಲೋವೋಲ್ಟ್ ಕೊಡುತ್ತಾರೆ. ಸೂಜಿಯ ತುದಿಯ ಹನಿ ಶಂಕುವಿನಂತೆ ಚೂಪಾಗಿ, ಅಲ್ಲಿಂದ ಒಂದು ಎಳೆ ಚಿಮ್ಮುತ್ತದೆ. ಅದು ಚಾವಟಿಯಂತೆ ಸುತ್ತುತ್ತ, ಹತ್ತಿಪ್ಪತ್ತು ಸೆಂಟಿಮೀಟರ್ ದಾಟುವಷ್ಟರಲ್ಲಿ ಒಣಗಿ, ಕೂದಲಿಗಿಂತ ಎಷ್ಟೋ ಪಟ್ಟು ತೆಳುವಾಗಿ ತಟ್ಟೆಗೆ ಬೀಳುತ್ತದೆ.

ಪಾಕ ಎಳೆ ಬಂತೇ ಎಂದು ಬೆರಳಲ್ಲಿ ನೋಡುತ್ತೇವಲ್ಲ, ಇಲ್ಲಿಯೂ ದ್ರಾವಣಕ್ಕೆ ಅಂಥ ಹದ ಬೇಕು. ಪಾಲಿಮರ್ ಅಣುಗಳ ಉದ್ದನೆಯ ಸರಪಳಿಗಳು ಒಂದಕ್ಕೊಂದು ಸಿಕ್ಕಿಕೊಂಡಿದ್ದರೆ ಮಾತ್ರ ಎಳೆ ತುಂಡಾಗುವುದಿಲ್ಲ. ಪೆಡಾಟ್-ಪಿಎಸ್ಎಸ್ ಎಂಬ ವಾಹಕ ಪಾಲಿಮರ್ ಎಂದರೆ ನೀರಲ್ಲಿ ಹರಡಿಕೊಂಡ ಪುಟ್ಟ ಕಣಗಳು. ಒಂಟಿಯಾಗಿ ಬಿಟ್ಟರೆ ಹನಿಹನಿಯಾಗಿ ಸಿಡಿಯುತ್ತದೆ. ಪಾಲಿಪೈರೋಲ್ ಎಂಬ ಇನ್ನೊಂದು ವಾಹಕ ಪಾಲಿಮರ್ ಸುಲಭಕ್ಕೆ ಕರಗುವುದೇ ಇಲ್ಲ.

ಇದಕ್ಕಿಂತ ಆಳದ ಕಾರಣ ಇನ್ನೊಂದಿದೆ. ವಾಹಕ ಪಾಲಿಮರ್‌ನ ಸರಪಳಿಯಲ್ಲಿ ಒಂಟಿ ಬಂಧ, ಜೋಡಿ ಬಂಧ ಸರದಿಯಲ್ಲಿ ಬರುತ್ತವೆ. ಎಲೆಕ್ಟ್ರಾನ್ ಓಡಾಡಲು ದಾರಿ ಕೊಡುವ ಈ ರಚನೆಯೇ ಸರಪಳಿಯನ್ನು ಸೆಟೆದು ನಿಲ್ಲಿಸುತ್ತದೆ. ಎಳೆದರೆ ಬಿರುಕು ಬಿಡುತ್ತದೆ.

ಹಾಗಾಗಿ ಕೆಲಸ ಹಂಚಬೇಕು. ನನಗೆ ಮೆಚ್ಚಿಗೆಯಾದ ದಾರಿ ಇದು: ಮೊದಲು ರಬ್ಬರಿನಂತೆ ಹಿಗ್ಗುವ ಪಾಲಿಮರ್ ಆದ ಪಾಲಿಯುರೆಥೇನ್‌ನ ನೂಲಿನ ಹಾಸು ತೆಗೆದು, ಅದನ್ನು ಪಾಲಿಪೈರೋಲ್ ಸರಪಳಿಯ ಬಿಡಿ ಅಣುವಾದ ಪೈರೋಲ್‌ನಲ್ಲಿ ನೆನೆಸಿ, ಆ ಅಣುಗಳನ್ನು ಸರಪಳಿಯಾಗಿ ಕೂಡಿಸುವ ತಣ್ಣಗಿನ ಫೆರಿಕ್ ಕ್ಲೋರೈಡ್ ದ್ರಾವಣಕ್ಕೆ ಹಾಕುವುದು. ಬಿಳಿ ಹಾಸು ಕಣ್ಣೆದುರೇ ಕಪ್ಪಾಗುತ್ತದೆ; ಪ್ರತಿ ಎಳೆಗೂ ಪಾಲಿಪೈರೋಲ್‌ನ ಲೇಪ ಕೂತಿರುತ್ತದೆ. ತಣ್ಣಗಿದ್ದರೆ ಕ್ರಿಯೆ ನಿಧಾನವಾಗಿ ಲೇಪ ಸಮನಾಗುತ್ತದೆ.

ಲೇಪ ಆಗಲೂ ಬಿರುಕು ಬಿಡುತ್ತದೆಯಲ್ಲ? ಬಿಡಲಿ, ನಮಗೆ ಬೇಕಾದ ಸಂಕೇತವೇ ಅದು. ಹಾಸು ಹಿಗ್ಗಿದಾಗ ಬಿರುಕು ಬಾಯ್ತೆರೆದು ವಿದ್ಯುತ್ ರೋಧ ಏರುತ್ತದೆ, ಬಿಟ್ಟಾಗ ಅಂಚುಗಳು ಮತ್ತೆ ಕೂಡಿ ಇಳಿಯುತ್ತದೆ. ರೋಧ ಎಷ್ಟು ಪಾಲು ಏರಿತು ಎಂಬುದನ್ನು ಹಿಗ್ಗಿದ ಪಾಲಿನಿಂದ ಭಾಗಿಸಿದರೆ ಬರುವುದು, ಸೆನ್ಸರ್ ಎಷ್ಟು ಸೂಕ್ಷ್ಮ ಎಂದು ಹೇಳುವ ಗೇಜ್ ಫ್ಯಾಕ್ಟರ್. ಅರ್ಧದಷ್ಟು ಹಿಗ್ಗಿಸಿದಾಗ ರೋಧ ಮೂರು ಪಟ್ಟಾದರೆ ಅದು 4. ಲೋಹದ ಸಾಮಾನ್ಯ ಸ್ಟ್ರೇನ್ ಸೆನ್ಸರ್‌ಗೆ ಸುಮಾರು 2, ಅದೂ ಕೆಲವೇ ಶೇಕಡಾ ಹಿಗ್ಗುವವರೆಗೆ.

ಹೊಸ ಹಾಸಿನ ಮೊದಲ ಎಳೆತಗಳ ಅಳತೆಯನ್ನು ನಂಬಬೇಡಿ. ಆಗಿನ್ನೂ ಹೊಸ ಬಿರುಕುಗಳು ಹುಟ್ಟುತ್ತಿರುತ್ತವೆ. ಬಳಕೆಯಲ್ಲಿ ಎಷ್ಟು ಹಿಗ್ಗಲಿದೆಯೋ ಅದಕ್ಕಿಂತ ತುಸು ಹೆಚ್ಚೇ ಹಲವು ಸಲ ಎಳೆದು ಬಿಟ್ಟು, ಓದು ಒಂದೇ ಜಾಡಿಗೆ ಬಂದಮೇಲೆ ಲೆಕ್ಕ ಶುರುಮಾಡಿ.